ಗದ್ದದ ಮೇಲಿನ ಮೇಣ

ನನ್ನ ಅತ್ತೆ ತನಗೆ ಬೇಕಾದದ್ದನ್ನು ಎಂದೂ ನೇರವಾಗಿ ಕೇಳಿದವರಲ್ಲ. ದೋಸೆ ತಿನ್ನಬೇಕು ಅನ್ನಿಸಿದರೆ "ಹಿಟ್ಟು ಉಳಿದುಂಟಾ" ಎನ್ನುತ್ತಾರೆ. ಚಹಾ ಬೇಕಾದರೆ "ಹಾಲು ಹಾಳಾಗ್ತದಾ ಎಂತ" ಎನ್ನುತ್ತಾರೆ. ಉಡುಪಿಯ ದೊಡ್ಡ ಕುಟುಂಬವೊಂದಕ್ಕೆ ಹಿರಿ ಸೊಸೆಯಾಗಿ ಹೋದವರು. ಎಲ್ಲರ ಊಟ ಮುಗಿದ ಮೇಲೆ ಪಾತ್ರೆಯ ತಳದಲ್ಲಿದ್ದದ್ದನ್ನು ಬಳಿದುಕೊಂಡು ಉಂಡು ಅಭ್ಯಾಸ. ಉಳಿದದ್ದು ಮಾತ್ರ ತನ್ನದು ಎನ್ನುವುದು ಅವರ ಮೈಗೆ ಹತ್ತಿಬಿಟ್ಟಿದೆ. ನನ್ನ ತವರಿನವರು ಧಾರವಾಡ ಕಡೆಯವರು, ನಾನು ಹುಟ್ಟಿ ಬೆಳೆದದ್ದು, ಈಗ ಇರುವುದೂ ಮುಂಬೈ ಪಕ್ಕದ ಡೊಂಬಿವಲಿಯಲ್ಲಿ. ನಮ್ಮ ಮನೆಯಲ್ಲಿ ಬೇಕಾದದ್ದನ್ನು ಕೂಗಿ ಕೇಳುತ್ತಿದ್ದೆವು, ಸಿಗದಿದ್ದರೆ ಇನ್ನಷ್ಟು ಜೋರಾಗಿ ಕೂಗುತ್ತಿದ್ದೆವು. ಹಾಗಾಗಿ ಅತ್ತೆಯ ಮಾತನ್ನು ಬಿಡಿಸಿ ಅರ್ಥ ಮಾಡಿಕೊಳ್ಳುವುದಕ್ಕೆ ನನಗೆ ಬಹಳ ಕಾಲ ಹಿಡಿಯಿತು.

ಮೇಣದ ವಿಷಯವೂ ಹಾಗೆಯೇ ಶುರುವಾಯಿತು.

ವಾರವೆಲ್ಲ ಲೋಕಲ್‌ನಲ್ಲಿ ಜೋತಾಡಿಕೊಂಡು ಠಾಣೆ ಊರಿನ ಆಫೀಸಿಗೆ ಹೋಗಿಬರುವ ನನಗೆ ಭಾನುವಾರವೊಂದೇ ನನ್ನದು ಅನ್ನುವ ದಿನ. ಅದನ್ನೂ ಪಾರ್ಲರಿನ ಬೆಂಚಿನ ಮೇಲೆ ಸರದಿ ಕಾಯುತ್ತ ಕಳೆಯಲು ಮನಸ್ಸು ಬರಲಿಲ್ಲ. ಕೈಕಾಲಿನ ಕೂದಲು ಕೀಳಲು ಬಟ್ಟೆಯ ಪಟ್ಟಿ ಬೇಡದ ಗಟ್ಟಿ ಮೇಣವೊಂದು ಬಂದಿದೆ, ಮನೆಯಲ್ಲೇ ಮಾಡಿಕೊಳ್ಳಬಹುದು ಎಂದು ಆಫೀಸಿನಲ್ಲಿ ಯಾರೋ ಹೇಳಿದರು. ತರಿಸಿದೆ. ಕಡಲೆಯಷ್ಟು ದಪ್ಪದ ನೇರಳೆ ಮಣಿಗಳು, ಅವನ್ನು ಕರಗಿಸಲು ಕರೆಂಟಿನ ಒಂದು ಪುಟ್ಟ ಪಾತ್ರೆ, ಐಸ್‌ಕ್ರೀಂ ಕಡ್ಡಿಯಂಥ ಮರದ ಕಡ್ಡಿಗಳು. ಮಣಿ ಕರಗಿ ಜೇನಿನ ಹದಕ್ಕೆ ಬಂದಾಗ ಕಡ್ಡಿಯಲ್ಲಿ ಎತ್ತಿ ಕೈಗೆ ಬಳಿಯಬೇಕು. ಸ್ವಲ್ಪ ಹೊತ್ತಿನಲ್ಲಿ ಅದು ರಬ್ಬರಿನಂತೆ ಗಟ್ಟಿಯಾಗುತ್ತದೆ. ಅಂಚು ಎಬ್ಬಿಸಿ, ಕೂದಲು ಬೆಳೆದ ದಿಕ್ಕಿಗೆ ಎದುರಾಗಿ ಒಂದೇ ಏಟಿಗೆ ಎಳೆಯಬೇಕು. ಹೇಳುವುದಕ್ಕೆ ಇಷ್ಟೇ. ಮೊದಲ ಸಲ ಎಳೆದಾಗ ನಾನು ಹಾಕಿದ ಕೂಗಿಗೆ ಹಾಲ್‌ನಲ್ಲಿ ಟಿವಿ ಮುಂದೆ ತೂಕಡಿಸುತ್ತಿದ್ದ ಗಂಡ ಎದ್ದು "ಕ್ಯಾ ಹುವಾ" ಎಂದರು. ಮಂಚದ ಮೇಲೆ ಕೂತು ಎಲ್ಲವನ್ನೂ ನೋಡುತ್ತಿದ್ದ ಅತ್ತೆ ಮಾತ್ರ ಎದ್ದುಹೋಗಿ ಕೊಬ್ಬರಿ ಎಣ್ಣೆಯ ಬಾಟಲಿ ತಂದರು.

"ಇದು ನಮ್ಮ ಹಲಸಿನ ಮೇಣದ ಹಾಗೇ ಉಂಟಲ್ಲ. ಎಣ್ಣೆ ಪಸೆ ಮಾಡದೆ ಮೇಣ ಮುಟ್ಟುದುಂಟಾ ಮಾರಾಯ್ತಿ" ಎಂದರು.

ತೆಳ್ಳಗೆ ಎಣ್ಣೆ ಸವರಿಕೊಂಡು ಮಾಡಿದೆ. ಉರಿ ನಿಜಕ್ಕೂ ಕಡಿಮೆಯಾಯಿತು. ಪೊಟ್ಟಣದ ಮೇಲೂ ಅದನ್ನೇ ಬರೆದಿದ್ದರು, ಓದುವ ತಾಳ್ಮೆ ನನಗಿರಲಿಲ್ಲ. ಎರಡೂ ಕೈ ಮುಗಿಸಿ ಪ್ಲಗ್ ತೆಗೆಯಲು ಹೋದಾಗ ಅತ್ತೆ ಪಾತ್ರೆಯೊಳಗೆ ಇಣುಕಿ, "ಇನ್ನೂ ಸ್ವಲ್ಪ ಉಳಿದುಂಟು. ಸುಮ್ಮನೆ ಯಾಕೆ ಹಾಳು ಮಾಡುದು" ಎಂದರು. ಹಾಳಾಗುವುದಿಲ್ಲ, ಮುಂದಿನ ಸಲ ಮತ್ತೆ ಕರಗುತ್ತದೆ ಎಂದು ನಾನು ವಿಜ್ಞಾನ ಹೇಳಿದೆ. ಅವರು "ಹೌದಾ" ಎಂದರು. ಆದರೆ ಕೂತಲ್ಲಿಂದ ಏಳಲಿಲ್ಲ. ಬೆರಳಿನಿಂದ ಗದ್ದ ಸವರಿಕೊಳ್ಳುತ್ತ ಕೂತೇ ಇದ್ದರು. ಆಗ ನನಗೆ ಹೊಳೆಯಿತು.

ಮಾವ ತೀರಿಕೊಂಡ ಮೇಲೆ ಅತ್ತೆ ನಮ್ಮಲ್ಲಿಗೆ ಬಂದವರು. ಊರಿನಲ್ಲಿದ್ದಾಗ ಕಿಟಕಿಯ ಬೆಳಕಿಗೆ ಕನ್ನಡಿ ಹಿಡಿದು ಚಿಮಟದಿಂದ ಗದ್ದದ ಕೂದಲನ್ನು ಒಂದೊಂದಾಗಿ ಕೀಳುತ್ತಿದ್ದರಂತೆ. ಈಗ ಕಣ್ಣು ಮಂಜು, ಕೈ ನಡುಗುತ್ತದೆ. ಗದ್ದದ ಕೆಳಗೆ ಬಿಳಿಯ ಕೂದಲು, ನಡುನಡುವೆ ತಂತಿಯಂತೆ ಬಿರುಸಾದ ಕರಿಯದೂ ಇತ್ತು. ಅವರೊಡನೆ ಒಂದೇ ಮನೆಯಲ್ಲಿದ್ದೂ ನಾನು ಅದನ್ನು ನೋಡಿರಲಿಲ್ಲ.

ಆವತ್ತಿನಿಂದ ತಿಂಗಳಿಗೊಂದು ಭಾನುವಾರ ನನ್ನದು ಮುಗಿಸಿ, ಅವರ ಪಾಲಿಗೆ ಬೇಕೆಂದೇ ಸ್ವಲ್ಪ ಉಳಿಸತೊಡಗಿದೆ. "ಅತ್ತೆ, ಉಳದದ ನೋಡ್ರಿ" ಎಂದು ಕೂಗಿದರೆ ಸಾಕು, ಬಂದು ಕುರ್ಚಿಯಲ್ಲಿ ಕೂತು, ಕಣ್ಣು ಮುಚ್ಚಿ ಮುಖ ಎತ್ತುತ್ತಿದ್ದರು. ಮೇಣ ಮೊದಲು ನನ್ನ ಮಣಿಕಟ್ಟಿಗೆ ತಾಗಿಸಿ ಬಿಸಿ ನೋಡುತ್ತಿದ್ದೆ. ಚರ್ಮ ಸಡಿಲ, ಅದಕ್ಕೆ ಎಡಗೈಯಿಂದ ಬಿಗಿಯಾಗಿ ಎಳೆದು ಹಿಡಿದು ಚೂರುಚೂರೇ ತೆಗೆಯಬೇಕು. ಕಿತ್ತ ಕೂಡಲೇ ಆ ಜಾಗಕ್ಕೆ ಅಂಗೈ ಒತ್ತಿ ಹಿಡಿದರೆ ಉರಿ ಇಳಿಯುತ್ತದೆ. ಅವರು ಒಂದು ಸಲವೂ ಅಯ್ಯೋ ಅನ್ನಲಿಲ್ಲ, ಕಾಲಬೆರಳು ಮಾತ್ರ ಮಡಚಿಕೊಳ್ಳುತ್ತಿದ್ದವು. ಮುಗಿದ ಮೇಲೆ ಗದ್ದ ಮುಟ್ಟಿ ನೋಡಿಕೊಂಡು, ಸೆರಗು ಸರಿಮಾಡಿ, ಕೆಳಗೆ ನಮ್ಮ ಫ್ಲ್ಯಾಟುಗಳ ಸೊಸೈಟಿಯ ಬೆಂಚಿಗೆ ಹೋಗಿ ಬೇರೆ ಹೆಂಗಸರ ಜೊತೆ ಕೂರುತ್ತಿದ್ದರು. ಭಾಷೆ ಬಾರದಿದ್ದರೂ ನಗುತ್ತ ಕೂತಿರುತ್ತಿದ್ದರು.

ಇದನ್ನು ಯಾರಿಗೂ ಹೇಳಬೇಡ ಎಂದು ಅವರು ನನಗೆ ಹೇಳಲಿಲ್ಲ. ಹೇಳುವ ಅಗತ್ಯವಿದೆಯೆಂದು ಅವರಿಗೆ ಅನ್ನಿಸಿರಲಿಕ್ಕಿಲ್ಲ.

ನಮ್ಮ ಮನೆಯ ಭಾಷೆಗಳ ಬಗ್ಗೆ ಒಂದು ಮಾತು ಹೇಳಬೇಕು. ಅತ್ತೆ ಮತ್ತು ಮಗ ಮಾತಾಡುವುದು ತುಳು, ಅದು ನನಗೆ ಬಾರದು. ನಾನು ಗೆಳತಿಯರೊಡನೆ ಆಡುವುದು ಮರಾಠಿ, ಅದು ಅತ್ತೆಗೆ ಬಾರದು. ನಾವಿಬ್ಬರು ಸೇರುವುದು ಕನ್ನಡದಲ್ಲಿ, ಅದೂ ಅವರದೊಂದು ಬಗೆ, ನನ್ನದೊಂದು ಬಗೆ. ಒಂದು ಹಾಲ್, ಒಂದು ಬೆಡ್‌ರೂಮಿನ ಮನೆಯಲ್ಲಿ ಬಾಗಿಲು ಮುಚ್ಚಿಕೊಂಡು ಮಾತಾಡುವ ಅನುಕೂಲ ಎಲ್ಲಿ? ಹಾಗಾಗಿ ಭಾಷೆಯನ್ನೇ ಬಾಗಿಲಾಗಿ ಮಾಡಿಕೊಂಡಿದ್ದೆವು. ಅವರು ತಾಯಿ ಮಗ ತುಳುವಿಗೆ ಹೊರಳಿದರೆ ನಾನು ಎದ್ದು ಅಡುಗೆಮನೆಗೆ ಹೋಗುತ್ತಿದ್ದೆ, ನನ್ನ ಬಗ್ಗೆಯೇ ಇರಬೇಕು ಎಂಬ ಗುಮಾನಿಯನ್ನೂ ಜೊತೆಗೆ ಒಯ್ಯುತ್ತಿದ್ದೆ. ನಾನು ಫೋನಿನಲ್ಲಿ ಮರಾಠಿ ಶುರುಮಾಡಿದರೆ ಅತ್ತೆ ತಮ್ಮ ಪಾಡಿಗೆ ತಾವಿರುತ್ತಿದ್ದರು.

ಠಾಣೆಯ ಆಫೀಸಿನಲ್ಲಿ ನನಗೊಬ್ಬ ಗೆಳತಿ ಇದ್ದಾಳೆ. ಸಂಜೆ ಇಬ್ಬರೂ ರೈಲಿನ ಒಂದೇ ಲೇಡೀಸ್ ಡಬ್ಬಿಯಲ್ಲಿ ಮರಳುವವರು. ಒಂದು ರಜೆಯ ದಿನ ಅವಳು ಫೋನ್ ಮಾಡಿ ತನ್ನ ಅತ್ತೆಯ ಮೇಲೆ ದೂರು ಶುರುಮಾಡಿದಳು. ಅವಳ ದೂರುಗಳು ಬಹಳ ಚೆನ್ನಾಗಿರುತ್ತವೆ. ನಟನೆ ಮಾಡಿ, ಧ್ವನಿ ಬದಲಿಸಿ ಹೇಳುತ್ತಾಳೆ. ನನ್ನ ಬಳಿ ಅಂಥ ಸರಕೇನೂ ಇರಲಿಲ್ಲ. ನನ್ನ ಅತ್ತೆ ಒಳ್ಳೆಯವರು, ಒಳ್ಳೆಯವರ ಬಗ್ಗೆ ಹೇಳಿದರೆ ಯಾರು ನಗುತ್ತಾರೆ. ಆದರೂ ಸೋಲುವುದಕ್ಕೆ ಮನಸ್ಸಿರಲಿಲ್ಲ. ಅತ್ತೆ ಎದುರಿಗೇ ದಿವಾನದ ಮೇಲೆ ಒಣಗಿದ ಬಟ್ಟೆ ಮಡಚುತ್ತಿದ್ದರು. ನಾನು ನಗುತ್ತ ಹೇಳಿದೆ:

"ಆಮ್ಚ್ಯಾಕಡೇ ಮಹಿನ್ಯಾತೂನ್ ಏಕದಾ ಸಾಸೂಬಾಯೀಂಚ್ಯಾ ದಾಢೀಚಾ ಕಾರ್ಯಕ್ರಮ್ ಅಸತೋ."

ನಮ್ಮಲ್ಲಿ ತಿಂಗಳಿಗೊಮ್ಮೆ ಅತ್ತೆಯ ದಾಡಿಯ ಕಾರ್ಯಕ್ರಮವಿರುತ್ತದೆ. ಅಷ್ಟೇ. ಅತ್ತ ಕಡೆಯಿಂದ ಗೆಳತಿ ಉಸಿರು ಸಿಕ್ಕಿಕೊಳ್ಳುವಷ್ಟು ನಕ್ಕಳು. ನಾನೂ ನಕ್ಕೆ. ಅವಳು ವಿವರ ಕೇಳಿದಳು, ನಾನು ಕೊಟ್ಟೆ. ಅತ್ತೆ ಮಗನ ಬನಿಯನ್ ಮಡಚಿ ರಾಶಿಯ ಮೇಲಿಟ್ಟು ಎದ್ದು ಒಳಗೆ ಹೋದರು. ಟವೆಲುಗಳು ಹಾಗೇ ಉಳಿದಿದ್ದವು. ಮಡಚದೆ ಎದ್ದುಹೋಗುವವರಲ್ಲ ಅವರು ಎಂದು ಆ ಹೊತ್ತಿಗೆ ನನಗೆ ಹೊಳೆಯಲಿಲ್ಲ.

ಮುಂದಿನ ಬಾರಿ ಮೇಣ ಕಾಯಿಸಿ ಕರೆದಾಗ "ಬೇಡ" ಎಂದರು. ಅದರ ಮುಂದಿನ ಬಾರಿಯೂ ಬೇಡ ಎಂದರು. ಉಳಿದ ಮೇಣ ಪಾತ್ರೆಯಲ್ಲೇ ಬಿಲ್ಲೆಯಾಗಿ ಗಟ್ಟಿಯಾಯಿತು. ನನಗೆ ಒಂದು ಕೆಲಸ ಕಡಿಮೆಯಾಯಿತಲ್ಲ ಎಂದು ಒಳಗೊಳಗೇ ಹಾಯೆನಿಸಿತು. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ, ಆದರೆ ಹಾಯೆನಿಸಿದ್ದು ನಿಜ.

ನಿಧಾನವಾಗಿ ಬೇರೆ ಬದಲಾವಣೆಗಳು ಕಾಣತೊಡಗಿದವು. ಅತ್ತೆ ಕೆಳಗಿನ ಬೆಂಚಿಗೆ ಹೋಗುವುದನ್ನು ಬಿಟ್ಟರು. ಮಾತಾಡುವಾಗ ಸೆರಗಿನ ತುದಿಯನ್ನು ಬಾಯಿಯ ಹತ್ತಿರ ಹಿಡಿದುಕೊಳ್ಳುತ್ತಿದ್ದರು. ವಾಶಿಯಲ್ಲಿರುವ ಅವರ ತಮ್ಮ ವಾರಕ್ಕೊಮ್ಮೆ ವಿಡಿಯೋ ಕರೆ ಮಾಡುತ್ತಾರೆ. ಅತ್ತೆ ಫೋನನ್ನು ಮುಖದೆದುರು ಹಿಡಿಯುವ ಬದಲು ಕಿವಿಗೆ ಒತ್ತಿಕೊಳ್ಳತೊಡಗಿದರು. ಆ ಕಡೆಯಿಂದ ತಮ್ಮನಿಗೆ ಕಾಣುತ್ತಿದ್ದದ್ದು ಅಕ್ಕನ ಕಿವಿಯೋಲೆ ಮಾತ್ರ.

"ಅಮ್ಮಂಗೆ ಹಲ್ಲುನೋವು ಉಂಟು, ಹೇಳುದಿಲ್ಲ ಅಷ್ಟೇ" ಎಂದು ಗಂಡ ತೀರ್ಮಾನಿಸಿದರು. ಕಳಂಬೋಲಿಯ ಕಬ್ಬಿಣದ ಮಾರುಕಟ್ಟೆಯಲ್ಲಿ ಒಬ್ಬ ವ್ಯಾಪಾರಿಯ ಆಫೀಸು ನೋಡಿಕೊಳ್ಳುವ ನನ್ನ ಗಂಡನಿಗೆ ಯಾವುದಕ್ಕೂ ಒಂದು ಕಾರಣ ಸಿಕ್ಕರೆ ಸಾಕು, ಅದರ ಮೇಲೆ ಮಲಗಿ ನಿದ್ದೆ ಮಾಡುತ್ತಾರೆ. ನನಗೂ ಅದು ಸರಿಯೆನಿಸಿತು. ಸ್ಟೇಷನ್ ಹತ್ತಿರದ ದಂತವೈದ್ಯೆಯ ಬಳಿ ಅತ್ತೆಯನ್ನು ಕರೆದೊಯ್ಯುವ ಕೆಲಸ ನನ್ನ ಪಾಲಿಗೆ ಬಂತು. ಹಲ್ಲು ಚೆನ್ನಾಗಿದೆ, ಬೇಡ, ಬೇಡ ಎನ್ನುತ್ತಲೇ ರಿಕ್ಷಾ ಹತ್ತಿದರು.

ವೈದ್ಯೆ ಅವರನ್ನು ಕುರ್ಚಿಯಲ್ಲಿ ಹಿಂದಕ್ಕೆ ಮಲಗಿಸಿ ಮೇಲಿನ ದೊಡ್ಡ ದೀಪ ಹಚ್ಚಿದಳು. ಬಾಯಿ ತೆರೆಯಿರಿ ಎಂದಳು. ಅತ್ತೆಯ ಸೆರಗು ಜಾರಿತು. ಆ ಬಿಳಿ ಬೆಳಕಿನಲ್ಲಿ ಅವರ ಗದ್ದ ನನ್ನ ಕಣ್ಣೆದುರು ಪೂರ್ತಿ ಬಯಲಾಗಿತ್ತು. ಕೂದಲು ಉದ್ದ ಬೆಳೆದಿದ್ದವು. ಕೆಲವು ಕಡೆ ಕತ್ತರಿಸಿದ ಗುರುತಿತ್ತು, ಚರ್ಮದ ಮೇಲೆ ಸಣ್ಣ ಸಣ್ಣ ಗಾಯಗಳಿದ್ದವು, ಒಂದೆರಡು ಒಣಗಿ ಹಕ್ಕಳೆ ಕಟ್ಟಿದ್ದವು. ಮಂಜುಗಣ್ಣಿನವರು, ನಡುಗುವ ಕೈಯವರು, ನಾನು ಆಫೀಸಿಗೆ ಹೋದ ಮೇಲೆ ಉಗುರಿನ ಕತ್ತರಿ ಹಿಡಿದು ಒಬ್ಬರೇ ಕೂತು ಮಾಡಿಕೊಂಡದ್ದು. ವೈದ್ಯೆ ಹಲ್ಲೆಲ್ಲ ನೋಡಿ ಏನೂ ತೊಂದರೆಯಿಲ್ಲ ಎಂದು ಮರಾಠಿಯಲ್ಲಿ ನನಗೆ ಹೇಳಿದಳು. ಅತ್ತೆ ಎರಡೂ ಕೈಯಲ್ಲಿ ಸೆರಗು ಎಳೆದುಕೊಂಡು ಗದ್ದ ಮುಚ್ಚಿಕೊಂಡರು.

ಮನೆಗೆ ಬಂದು ನೀರು ಕೊಟ್ಟೆ. ಏನೂ ಆಗದವಳಂತೆ, "ಅತ್ತೆ, ಇವತ್ತ ಮೇಣ ಕಾಸ್ತೀನ್ರಿ, ಬರ್ರಿ" ಎಂದೆ.

ಅವರು ಲೋಟ ಕೆಳಗಿಟ್ಟರು. "ದಾಡಿ ಮಾಡ್ಲಿಕ್ಕೆ ನಾನೆಂತ ಗಂಡಸಾ" ಎಂದರು.

ಧ್ವನಿ ಏರಿಸಲಿಲ್ಲ. ತರಕಾರಿ ಯಾವುದು ತರಲಿ ಎಂದು ಕೇಳುವಂತೆ ಕೇಳಿದರು. ದಾಡಿ. ಭಾನುವಾರ ಬೆಳಿಗ್ಗೆ ನನ್ನ ಅಪ್ಪ "ದಾಡಿ ಮಾಡ್ಕೋತೀನಿ, ಬಿಸಿನೀರು ಕೊಡು" ಎನ್ನುತ್ತಿದ್ದರು. ಗಂಡ ತಾಯಿಯೊಡನೆ ತುಳುವಿನಲ್ಲಿ ಮಾತಾಡುವಾಗಲೂ ದಾಡಿಗೆ ದಾಡಿ ಎಂದೇ ಹೇಳುತ್ತಾರೆ. ಧಾರವಾಡದಲ್ಲೂ ಅದೇ, ಉಡುಪಿಯಲ್ಲೂ ಅದೇ, ಮರಾಠಿಯಲ್ಲೂ ಅದೇ. ಸಾಸೂಬಾಯಿ ಎಂದರೆ ತಾನೇ ಎಂದು ಕೆಲಸದವಳು ದಿನಾ ಬಾಗಿಲಲ್ಲಿ ಕರೆದು ಕರೆದು ಅವರಿಗೆ ಕಲಿಸಿಟ್ಟಿದ್ದಳು. ಕಾರ್ಯಕ್ರಮವಂತೂ ಕನ್ನಡವೇ. ನಾನು ಮರಾಠಿಯ ಬಾಗಿಲು ಹಾಕಿಕೊಂಡು ಆಡಿದ ಆ ವಾಕ್ಯದಲ್ಲಿ ಅತ್ತೆಗೆ ತಿಳಿಯದೆ ಹೋದದ್ದು ತಿಂಗಳಿಗೊಮ್ಮೆ ಎನ್ನುವುದೊಂದೇ. ಉಳಿದದ್ದನ್ನು ನನ್ನ ನಗು ಹೇಳಿತ್ತು.

"ತಪ್ಪಾತ್ರಿ ಅತ್ತೆ. ಸುಮ್ನ ನಗಚಾಟಿಗೆ ಅಂದೆ" ಎಂದೆ.

"ನೀನು ಸುಳ್ಳು ಹೇಳಿದ್ದಲ್ಲವಲ್ಲ. ಉಂಟಲ್ಲ ಅದು. ಇಲ್ಲದ್ದು ಹೇಳಿದ್ರೆ ನಾನು ಬೈಬಹುದಿತ್ತು" ಎಂದರು. ಎದ್ದು ದೇವರಿಗೆ ದೀಪ ಹಚ್ಚಲು ಹೋದರು.

ಬೈದಿದ್ದರೆ ಎಷ್ಟು ಚೆನ್ನಾಗಿತ್ತು. ಬೈಗುಳಕ್ಕೆ ತಿರುಗಿ ಏನಾದರೂ ಅನ್ನಬಹುದು, ಅತ್ತು ಗದ್ದಲ ಮಾಡಬಹುದು, ಗಂಡನ ಹತ್ತಿರ ದೂರು ಒಯ್ಯಬಹುದು. ಇದಕ್ಕೆ ಏನು ಮಾಡಲಿ. ಒಬ್ಬ ಮುದುಕಿ ಕಣ್ಣು ಮುಚ್ಚಿ ಮುಖವನ್ನು ನನ್ನ ಕೈಯಲ್ಲಿಟ್ಟಿದ್ದಳು, ನಾನು ಅದನ್ನು ಒಯ್ದು ಒಂದು ನಗುವಿಗೆ ಕೊಟ್ಟುಬಂದೆ.

ಅಷ್ಟರಲ್ಲಿ ಆ ಮಾತು ಅಲ್ಲಿಗೇ ನಿಂತಿರಲಿಲ್ಲ. ಒಂದು ಸಂಜೆ ಠಾಣೆ ಸ್ಟೇಷನ್ನಿನಲ್ಲಿ ಗಾಡಿ ಹತ್ತಿ ಇನ್ನೂ ಸರಿಯಾಗಿ ನಿಂತಿರಲಿಲ್ಲ, ಗೆಳತಿ ಡಬ್ಬಿಯ ಆ ಕೊನೆಯಿಂದ "ಕಾಯ್ ಗ, ಝಾಲಾ ಕಾ ಕಾರ್ಯಕ್ರಮ್" ಎಂದು, ಏನೇ, ಕಾರ್ಯಕ್ರಮ ಆಯಿತಾ ಎಂದು ಕೂಗಿ ಕೇಳಿದಳು. ಅವಳ ಸುತ್ತ ನಿಂತಿದ್ದವರೆಲ್ಲ ನಕ್ಕರು. ನನಗೆ ಹೆಸರೂ ತಿಳಿಯದ ಹೆಂಗಸರಿಗೆ ನನ್ನ ಅತ್ತೆಯ ಗದ್ದದ ವಿಷಯ ತಿಳಿದಿತ್ತು. ಹಾಗೆಲ್ಲ ಅನ್ನಬೇಡ ಎಂದೆ. ಅವಳಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. "ನೀನೇ ಹೇಳಿದ್ದಲ್ವಾ" ಎಂದಳು. ಹೌದು, ನಾನೇ. ದೀವಾ ಸ್ಟೇಷನ್ ದಾಟಿ ಡೊಂಬಿವಲಿ ಬರುವವರೆಗೂ ಬಾಗಿಲ ಕಡೆ ಮುಖ ಮಾಡಿ ನಿಂತಿದ್ದೆ.

ಈ ನಡುವೆ ವಾಶಿಯಿಂದ ಕರೆ ಬಂತು. ಅತ್ತೆಯ ತಮ್ಮನಿಗೆ ಎಪ್ಪತ್ತು ತುಂಬುತ್ತಿತ್ತು, ಮಕ್ಕಳು ಹಾಲ್ ಹಿಡಿದು ಶಾಂತಿ ಮಾಡಿಸುತ್ತಿದ್ದರು. ಒಡಹುಟ್ಟಿದವರಲ್ಲಿ ಈಗ ಉಳಿದಿರುವುದು ಇವರಿಬ್ಬರೇ. ಆ ತಮ್ಮ ಹದಿಹರೆಯದಲ್ಲೇ ಊರು ಬಿಟ್ಟು ಬಂದು ಹೋಟೆಲಿನಲ್ಲಿ ಲೋಟ ತೊಳೆದು, ಆಮೇಲೆ ತನ್ನದೇ ಹೋಟೆಲು ಮಾಡಿದವರು. ಅವರನ್ನು ಎತ್ತಿ ಆಡಿಸಿದ್ದು ಈ ಅಕ್ಕ. ಗಂಡನಿಲ್ಲದವಳು ಎಂಬುದೆಲ್ಲ ಬೇಡ, ಆರತಿಗೆ ಅಕ್ಕನೇ ನಿಲ್ಲಬೇಕು ಎಂದು ಅವರು ಫೋನಿನಲ್ಲಿ ಹೇಳುತ್ತಿದ್ದದ್ದನ್ನು ಗಂಡ ನನಗೆ ಕನ್ನಡದಲ್ಲಿ ಹೇಳಿದರು. ಅತ್ತೆ ಕಿವಿಗೆ ಫೋನ್ ಒತ್ತಿಕೊಂಡು ಹೂಂ ಹೂಂ ಎಂದರು. ಇಟ್ಟ ಮೇಲೆ ನಮ್ಮ ಕಡೆ ತಿರುಗಿ, "ನಾನು ಬರುದಿಲ್ಲ. ಮಂಡಿನೋವು. ನೀವಿಬ್ರು ಹೋಗಿ ಬನ್ನಿ" ಎಂದರು.

ಟ್ಯಾಕ್ಸಿ ಮಾಡೋಣ, ಒಂದು ಮೆಟ್ಟಿಲೂ ಹತ್ತುವುದು ಬೇಡ ಎಂದು ಗಂಡ ಗೋಗರೆದರು. ಬರುವುದಿಲ್ಲ ಎಂದರೆ ಇಲ್ಲ. ಗಂಡ ನನ್ನ ಮುಖ ನೋಡಿದರು, ಕಾರಣ ನನಗೆ ಗೊತ್ತಿರಬಹುದು ಎಂಬಂತೆ. ನನಗೆ ಗೊತ್ತಿತ್ತು. ನನಗಿಂತ ಹೆಚ್ಚಾಗಿ ಯಾರಿಗೂ ಗೊತ್ತಿರಲಿಲ್ಲ, ಆದರೆ ಬಾಯಿಬಿಟ್ಟು ಹೇಳುವಂತಿರಲಿಲ್ಲ. ಒಮ್ಮೆ ಹೇಳಿಯೇ ಈ ಗತಿಯಾಗಿತ್ತು.

ಅವರ ಬಳಗದಲ್ಲಿ ಒಂದು ರೂಢಿ ಇದೆ. ಹಿರಿಯ ಹೆಂಗಸರು ಎದುರಾದರೆ ನಮಸ್ಕಾರ ಆದ ಮೇಲೆ ಗದ್ದ ಹಿಡಿಯುತ್ತಾರೆ. ಬೆರಳುಗಳಲ್ಲಿ ಗದ್ದ ಎತ್ತಿ, ಮುಖವನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ, ಇಳಿದುಹೋಗಿದ್ದೀ, ದಪ್ಪಗಾಗಿದ್ದೀ ಎಂದು ಏನಾದರೊಂದು ಹೇಳಿಯೇ ಬಿಡುವುದು. ಮದುವೆಯ ಹೊಸದರಲ್ಲಿ ನನ್ನ ಗದ್ದವೂ ಎಷ್ಟೋ ಕೈಗಳಿಗೆ ಸಿಕ್ಕಿತ್ತು. ಅದರಲ್ಲೂ ಅತ್ತೆಯ ಚಿಕ್ಕಮ್ಮ ಒಬ್ಬರಿದ್ದಾರೆ, ಖಾರ್‌ಘರ್‌ನಲ್ಲಿ ಮಗನ ಮನೆಯಲ್ಲಿ. ಅವರಿಗೆ ಕಣ್ಣು ಪೂರ್ತಿ ಹೋಗಿದೆ. ಬಂದವರು ಯಾರೆಂದು ಅವರು ತಿಳಿಯುವುದೇ ಗದ್ದ ಮುಟ್ಟಿ. ಶಾಂತಿಗೆ ಅವರೂ ಬರುವವರಿದ್ದರು. ತಮ್ಮನ ಆರತಿ ಬೇಡ ಎನ್ನುವಷ್ಟು ಅತ್ತೆ ಏಕೆ ಹೆದರಿದ್ದಾರೆ ಎಂದು ನನಗೆ ಆಗ ಪೂರ್ತಿ ತಿಳಿಯಿತು.

ಆ ದಿನಗಳಲ್ಲಿ ನಾನು ವಿಪರೀತ ಒಳ್ಳೆಯವಳಾಗಿದ್ದೆ. ಅವರಿಗಿಷ್ಟವಾದ ಪತ್ರೊಡೆಗೆ ಕೆಸುವಿನೆಲೆ ಹುಡುಕಿ ತಂದೆ. ಕಾಲು ಒತ್ತಲು ಹೋದೆ. ಅವರು ಎಲ್ಲವನ್ನೂ ಬೇಡವೆನ್ನದೆ ತೆಗೆದುಕೊಂಡರು, ಮುಖ ಮಾತ್ರ ಕೊಡಲಿಲ್ಲ. ನನ್ನ ಒಳ್ಳೆಯತನ ನನಗೇ ವಾಕರಿಕೆ ತರಿಸಿತು.

ಶಾಂತಿಯ ಹಿಂದಿನ ದಿನ ಮಧ್ಯಾಹ್ನ ತಮ್ಮ ಮತ್ತೆ ಫೋನ್ ಮಾಡಿದರು. ಅವರು ಏನು ಹೇಳಿದರೋ ತುಳುವಿನಲ್ಲಿ ನನಗೆ ತಿಳಿಯಲಿಲ್ಲ. ಅತ್ತೆ ಫೋನ್ ಇಟ್ಟು ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

"ಅವನು ಅಳ್ತಾನೆ ಮಾರಾಯ್ತಿ. ಹೀಗೆ ಇಟ್ಕೊಂಡು ಹೋಗ್ಲಿಕ್ಕೆ ಆಗುದಿಲ್ಲ. ಮಾಡು" ಎಂದರು.

ಉಳಿದುಂಟಾ ಎಂದು ಕೇಳಲಿಲ್ಲ. ಅವರು ನನ್ನಲ್ಲಿ ಏನನ್ನಾದರೂ ನೇರವಾಗಿ ಕೇಳಿದ್ದು ಅದೇ ಮೊದಲು. ನಾನು ಕೈ ತೊಳೆದು ಓಡಿದೆ. ಪಾತ್ರೆಯಲ್ಲಿದ್ದ ಹಳೆಯ ಬಿಲ್ಲೆ ಕಿತ್ತೆಸೆದು ಅವರಿಗೆಂದೇ ಹೊಸ ಮಣಿ ಹಾಕಿದೆ. ಎಲ್ಲಿ ನೋವಾಗುತ್ತದೋ ಎಂದು ಎಣ್ಣೆಯನ್ನು ಧಾರಾಳವಾಗಿ ಹಚ್ಚಿದೆ, ಹಲಸಿನಹಣ್ಣು ಬಿಡಿಸಲು ಕೂತವಳಂತೆ. ಮೇಣ ಕೂದಲನ್ನು ಹಿಡಿಯಲೇ ಇಲ್ಲ, ಮೊಸರಿನ ಕೆನೆಯಂತೆ ಜಾರಿ ಕೈಗೆ ಬಂತು. ಎಲ್ಲ ಒರೆಸಿ, ಪೌಡರ್ ಹಾಕಿ, ಮತ್ತೆ ತೆಳುವಾಗಿ ಎಣ್ಣೆಯ ಪಸೆ ಮಾಡಿ ಮೊದಲಿಂದ ಶುರುಮಾಡಿದೆ. ಕತ್ತರಿಯ ಗಾಯವಿದ್ದ ಕಡೆ ಮೇಣ ತಾಗಿಸದೆ ಸುತ್ತಲೂ ಬಿಡಿಸಿ, ಆ ಜಾಗದ್ದನ್ನು ಚಿಮಟದಿಂದ ಕಿತ್ತೆ. ಬಿರುಸಾದ ಒಂದು ಕೂದಲು ಬರುವಾಗ ಅವರ ಮುಚ್ಚಿದ ಕಣ್ಣಿನಿಂದ ನೀರು ಇಳಿಯಿತು. ಅದು ನೋವಿನದೋ ಬೇರೆಯದೋ ಕೇಳುವ ಧೈರ್ಯ ನನಗಿರಲಿಲ್ಲ. ಅಂಗೈ ಒತ್ತಿ ಹಿಡಿದೆ. ಉರಿ ಇಳಿದ ಮೇಲೂ ಹಿಡಿದೇ ಇದ್ದೆ. ಅವರು ನನ್ನ ಕೈಯನ್ನು ಮೆಲ್ಲಗೆ ಸರಿಸಿ, "ಸಾಕು" ಎಂದು ಎದ್ದರು.

ಮರುದಿನ ವಾಶಿಯ ಹಾಲ್‌ನಲ್ಲಿ ಅತ್ತೆ ಹಸಿರು ಜರಿಯ ಸೀರೆ ಉಟ್ಟು ತಮ್ಮನಿಗೆ ಆರತಿ ಎತ್ತಿದರು. ತಮ್ಮ ಬಗ್ಗಿ ಅಕ್ಕನ ಕಾಲಿಗೆ ಬಿದ್ದಾಗ ಇಬ್ಬರೂ ಅತ್ತರು, ನೋಡುತ್ತಿದ್ದವರೂ ಕಣ್ಣೊರೆಸಿಕೊಂಡರು. ಸುತ್ತಲೆಲ್ಲ ತುಳು. ಹೋಟೆಲಿನವರು, ಬ್ಯಾಂಕಿನವರು, ಮಾರುಕಟ್ಟೆಯವರು, ಎಲ್ಲರೂ ತುಳುವಿನಲ್ಲಿ ನಗುತ್ತ ಕೂಗುತ್ತ ಊಟಕ್ಕೆ ಎಬ್ಬಿಸುತ್ತಿದ್ದರು. ನಾನು ಅತ್ತೆಯ ಚೀಲ ಹಿಡಿದು ಹಿಂದೆಯೇ ನಿಂತಿದ್ದೆ.

ಆಮೇಲೆ ಅತ್ತೆ ಚಿಕ್ಕಮ್ಮನ ಬಳಿ ಹೋದರು. ಕುರ್ಚಿಯಲ್ಲಿ ಕೂತಿದ್ದ ಆ ಮುದುಕಿ ಎರಡೂ ಕೈ ಚಾಚಿ ಅತ್ತೆಯ ಗದ್ದ ಹಿಡಿದರು. ಬೆರಳುಗಳು ಗದ್ದದ ಕೆಳಗೆಲ್ಲ ಓಡಾಡಿದವು, ಕೆನ್ನೆಗೆ ಹೋಗಿ ಮತ್ತೆ ಗದ್ದಕ್ಕೆ ಬಂದವು. ಮುದುಕಿಯ ಮುಖ ಅರಳಿತು. ತುಳುವಿನಲ್ಲಿ ಏನೋ ಹೇಳಿದರು, ಸುತ್ತಲಿದ್ದ ಹೆಂಗಸರು ನಕ್ಕರು. ಒಬ್ಬರು ನನ್ನ ಕಡೆ ತಿರುಗಿ ನೋಡಿ ಮತ್ತೇನೋ ಕೇಳಿದರು. ಅದರಲ್ಲಿ 'ಮ‌ರ್ಮಲ್' ಎನ್ನುವ ಒಂದೇ ಶಬ್ದ ನನಗೆ ತಿಳಿಯಿತು. ಸೊಸೆ. ಮತ್ತೆ ನಗು.

ಒಂದು ಶಬ್ದ ಮತ್ತು ಒಂದು ನಗು, ಅಷ್ಟರಿಂದ ಮನಸ್ಸು ಏನೆಲ್ಲ ಕಟ್ಟಿಕೊಳ್ಳುತ್ತದೆ ಎನ್ನುವುದು ನನಗೆ ಆ ಹೊತ್ತಿನಲ್ಲಿ ಗೊತ್ತಾಯಿತು. ದಿವಾನದ ಮೇಲೆ ಬಟ್ಟೆ ಮಡಚುತ್ತ ಕೂತಿದ್ದವರಿಗೆ ಹೀಗೇ ಆಗಿರಬೇಕು. ಈಗ ಅತ್ತೆಯ ಸರದಿ ಎಂದುಕೊಂಡೆ. ಏನು ಬೇಕಾದರೂ ಹೇಳಲಿ. ಹೇಳಿದ್ದು ನನಗೆ ತಿಳಿಯುವುದೂ ಇಲ್ಲ. ಹೇಳಿದರೆ ನನಗೂ ಸ್ವಲ್ಪ ಹಗುರವಾದೀತು.

ಅತ್ತೆ ನನ್ನ ಕೈ ಹಿಡಿದು ಮುಂದಕ್ಕೆ ಎಳೆದುಕೊಂಡರು. ಆ ತುಳುವಿನ ನಡುವೆ, ಒಂದೊಂದೇ ಶಬ್ದ ಬಿಡಿಸಿ, ಕನ್ನಡದಲ್ಲಿ ಹೇಳಿದರು: "ಎಲ್ಲ ಇವಳೇ ಮಾಡುದು ನಂಗೆ. ನನ್ನ ಕಣ್ಣಿಗೆ ಕಾಣುದಿಲ್ಲ. ಇವಳು ನೋಡಿ ಮಾಡ್ತಾಳೆ."

ಆ ಗುಂಪಿನಲ್ಲಿ ತುಳು ಬಾರದವಳು ನಾನೊಬ್ಬಳೇ. ಕೈತೊಳೆಯುವ ಜಾಗಕ್ಕೆ ಹೋಗಿ ನಲ್ಲಿ ಬಿಟ್ಟು ಅತ್ತುಬಿಟ್ಟೆ. ಯಾರೋ ಹೋಮದ ಹೊಗೆ ಕಣ್ಣಿಗೆ ಹೋಯಿತೇ ಎಂದು ಕೇಳಿದರು, ಹೌದು ಎಂದೆ.

ಎಲ್ಲ ಮುಗಿಯಿತು, ಕ್ಷಮಿಸಿದರು ಎಂದುಕೊಂಡೇ ಡೊಂಬಿವಲಿಗೆ ಮರಳಿದೆ. ಟ್ಯಾಕ್ಸಿಯಲ್ಲಿ ಅವರು ನನ್ನ ಹೆಗಲಿಗೆ ತಲೆಯಿಟ್ಟು ನಿದ್ದೆ ಹೋಗಿದ್ದರು. ಮರುದಿನದಿಂದ ಕೆಳಗಿನ ಬೆಂಚಿಗೂ ಹೋಗತೊಡಗಿದರು. ನಾನು ಎಷ್ಟೋ ವಾರಗಳ ನಂತರ ಲೋಕಲ್‌ನಲ್ಲಿ ಗೆಳತಿಯ ಪಕ್ಕ ನಿಂತು ನಕ್ಕೆ, ಬೇರೆ ವಿಷಯಕ್ಕೆ.

ಮುಂದಿನ ತಿಂಗಳು ಒಂದು ಭಾನುವಾರ ಮೇಣ ಕಾಯಿಸಿ ಅವರನ್ನು ಕರೆದೆ. ಬಂದರು. ಕುರ್ಚಿಯ ಹತ್ತಿರ ನಿಂತರು, ಕೂರಲಿಲ್ಲ. ಮೇಜಿನ ಮೇಲೆ ಮೇಣದ ಪಾತ್ರೆಯ ಪಕ್ಕ ನನ್ನ ಫೋನಿತ್ತು.

"ಅದನ್ನು ಹೊರಗೆ ಇಟ್ಟು ಬಾ. ಮತ್ತೆ ಕೂತ್ಕೊಳ್ತೇನೆ" ಎಂದರು.

ಧ್ವನಿಯಲ್ಲಿ ಕೋಪವಿರಲಿಲ್ಲ. ನಾನು ಫೋನನ್ನು ಹಾಲ್‌ನಲ್ಲಿ ಗಂಡನ ಪಕ್ಕ ಇಟ್ಟು ಬಂದೆ. ಅವರು ನನ್ನ ಎರಡೂ ಕೈ ನೋಡಿದರು, ಬಾಗಿಲು ಹಾಕಿದೆಯೇ ಎಂದು ನೋಡಿದರು. ಆಮೇಲೆ ಕೂತು, ಕಣ್ಣು ಮುಚ್ಚಿ, ಮುಖ ಎತ್ತಿದರು.